ಶೀಷೆಯ ಮೇಲಿನ ಚೀಟಿ

ಹೋದ ಮಳೆಗಾಲದ ಒಂದು ಭಾನುವಾರ, ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಸಾಗರದ ಕಡೆಯ ಹಳ್ಳಿಯಿಂದ ಭಾವನ ಫೋನು ಬಂತು. ಭಾವ ಎಂದರೆ ಅಕ್ಕನ ಗಂಡ. ನನಗಿಂತ ಎಂಟು ವರ್ಷ ಹಿರಿಯರು. ಎರಡು ಎಕರೆ ಅಡಿಕೆ ತೋಟ ಬಿಟ್ಟರೆ ಅವರಿಗೆ ಬೇರೆ ಆದಾಯವಿಲ್ಲ.

"ಏನು ಮಾರಾಯ, ನಿನ್ನ ಶಿಷ್ಯನ ಯಂತ್ರ ಬೆಳಿಗ್ಗೆ ಏಳಕ್ಕೆ ಮಳೆ ನಿಲ್ಲುತ್ತದೆ ಎಂದಿತು. ಏಳಕ್ಕೆ ಸ್ವಲ್ಪ ಹೊಳವೂ ಆಯಿತು. ಕೊನೆಗಾರನನ್ನು ಮರ ಹತ್ತಿಸಿದೆ. ಒಂಬತ್ತಕ್ಕೆ ಹಿಡಿದ ಮಳೆ ಈಗಷ್ಟೇ ಬಿಟ್ಟಿದೆ. ಹೊಡೆದ ಔಷಧಿಯೆಲ್ಲ ಬಸಿಗಾಲುವೆಗೆ ಹೋಯಿತು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಅಡಿಕೆ ಬೆಳೆಯದ ಸೀಮೆಯ ಓದುಗರಿಗೆ ಒಂದು ಮಾತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಫೈಟಾಫ್ತೊರಾ ಎಂಬ ಸೂಕ್ಷ್ಮ ಜೀವಿ ಅದಕ್ಕೆ ಕಾರಣ. ತಡೆಯಲು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಬೇಕು. ಹೊಡೆದ ಮೇಲೆ ಅದು ಒಣಗಿ ಗೊನೆಗೆ ಅಂಟಿಕೊಳ್ಳಬೇಕು. ಒಣಗುವ ಮೊದಲೇ ಮಳೆ ಬಂದರೆ ಮೈಲುತುತ್ತವೂ ಹೋಯಿತು, ಕೂಲಿಯೂ ಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ, ಮರ ಹತ್ತುವ ಕೊನೆಗಾರ ಮತ್ತೆ ಯಾವತ್ತು ಸಿಗುತ್ತಾನೋ ಹೇಳಲಾಗದು.

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಗ್ರಹಣ, ಹಾಲು ಒಡೆಯುವುದು, ಕಬ್ಬಿಣ ತುಕ್ಕು ಹಿಡಿಯುವುದು ಇಂಥವನ್ನು ಬರೆಯುವವನು. ಈ ವಾರ ಕಂಪ್ಯೂಟರಿನ ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣ, ಆ ತಪ್ಪಿನಲ್ಲಿ ನನ್ನ ಕೈಯೂ ಇತ್ತು ಎಂಬುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಊರಿನವರಿಗೆ ಉಪಯೋಗವಾಗಲೆಂದು ಬಿಡುವಿನಲ್ಲಿ ಒಂದು ಏಜೆಂಟ್ ಮಾಡಿದ್ದ. ಫೋನಿನಲ್ಲಿ ಕನ್ನಡದಲ್ಲೇ ಕೇಳಿದರೆ ಮಳೆ, ಗಾಳಿ, ಬಿಸಿಲಿನ ಮುನ್ಸೂಚನೆ ಹೇಳುವಂಥದು. ಯುಗಾದಿಗೆ ಬಂದಾಗ, "ಸಾರ್, ಪ್ರೋಗ್ರಾಮು ನಾನು ಬರೆದಿದ್ದೇನೆ. ಅದರ ಉಪಕರಣಕ್ಕೆ ಒಂದು ವಿವರಣೆ ಬೇಕು. ನೀವು ಲ್ಯಾಬಿನಲ್ಲಿ ಪ್ರಯೋಗದ ಸೂಚನೆ ಬರೆಯುತ್ತಿದ್ದಿರಲ್ಲ, ಹಾಗೆ ಬರೆದುಕೊಡಿ" ಎಂದ. ನಾನೂ ಹೆಮ್ಮೆಯಿಂದ ಐದು ಸಾಲು ಬರೆದುಕೊಟ್ಟೆ. ಭಾವನ ಔಷಧಿ ಹೋದದ್ದು ಆ ಐದು ಸಾಲಿನಿಂದ.

ಕಿಟಕಿ ಮತ್ತು ಚಲನ್

ಎಪಿಐ ಎಂಬ ಪದವನ್ನು ಕೇಳಿದವರು ಬಹಳ, ಅರ್ಥ ಮಾಡಿಕೊಂಡವರು ಕಡಿಮೆ. ಬ್ಯಾಂಕಿನ ಕಿಟಕಿಯನ್ನು ನೆನಪಿಸಿಕೊಳ್ಳಿ. ಒಳಗೆ ಲೆಕ್ಕ ಹೇಗೆ ನಡೆಯುತ್ತದೆ, ಪುಸ್ತಕ ಎಲ್ಲಿದೆ ಎಂಬುದು ನಮಗೆ ಬೇಕಿಲ್ಲ. ನಾವು ಮಾಡಬೇಕಾದದ್ದು ಚಲನ್ ತುಂಬಿ ಕಿಟಕಿಯೊಳಗೆ ತಳ್ಳುವುದು. ಖಾತೆಯ ನಂಬರಿನ ಜಾಗದಲ್ಲಿ ನಂಬರು, ದಿನಾಂಕದ ಜಾಗದಲ್ಲಿ ದಿನಾಂಕ ಇದ್ದರೆ ಉತ್ತರ ಹೊರಗೆ ಬರುತ್ತದೆ. ಒಂದು ಪ್ರೋಗ್ರಾಮು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಲು ಇರುವ ಇಂಥ ಕಿಟಕಿಗೇ ಎಪಿಐ ಎಂದು ಹೆಸರು.

ಇನ್ನು ಏಜೆಂಟ್. ನಾವು ಟೈಪು ಮಾಡಿದ್ದಕ್ಕೆ ಉತ್ತರಿಸುವ ದೊಡ್ಡ ಭಾಷಾ ಮಾದರಿಗಳನ್ನು ಈಗ ಎಲ್ಲರೂ ಕಂಡಿದ್ದೀರಿ. ಆ ಮಾದರಿಗೆ ಮಾತಾಡುವುದಲ್ಲದೆ ಕೆಲಸ ಮಾಡಲೂ ಅವಕಾಶ ಕೊಟ್ಟರೆ ಅದು ಏಜೆಂಟ್. ಆದರೆ ಮಾದರಿ ತಾನೇ ಕಿಟಕಿಗೆ ಹೋಗುವುದಿಲ್ಲ. ಯಾವ ಕಿಟಕಿ, ಚಲನಿನ ಯಾವ ಜಾಗದಲ್ಲಿ ಏನು ಎಂದು ಬರೆದು ಕೊಡುತ್ತದೆ, ಅಷ್ಟೇ. ಅದನ್ನು ಒಯ್ಯುವುದು ಒಂದು ಸಾಮಾನ್ಯ ಪ್ರೋಗ್ರಾಮು. ಉತ್ತರ ಬಂದ ಮೇಲೆ ಮಾದರಿ ಅದನ್ನು ಓದಿ, ಮುಂದೇನು ಎಂದು ನಿರ್ಧರಿಸುತ್ತದೆ. 2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಎಪಿಐಯಲ್ಲಿ ಈ ಸೌಲಭ್ಯ ಕೊಟ್ಟಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಇಂಥ ಉಪಕರಣಗಳನ್ನು ಯಾವ ಏಜೆಂಟಿಗಾದರೂ ಜೋಡಿಸಲು ಎಂಸಿಪಿ ಎಂಬ ಸಾಮಾನ್ಯ ಪದ್ಧತಿಯೊಂದನ್ನು ಹೊರತಂದಿತು.

ಈಗ ಮುಖ್ಯ ಪ್ರಶ್ನೆ. ಯಾವ ಕಿಟಕಿ ಯಾವುದಕ್ಕೆ ಎಂದು ಮಾದರಿಗೆ ಹೇಗೆ ಗೊತ್ತು? ಪ್ರೋಗ್ರಾಮಿನ ಒಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ಕಾಣುವುದು ಮೂರೇ: ಉಪಕರಣದ ಹೆಸರು, ಅದರ ವಿವರಣೆ, ತುಂಬಬೇಕಾದ ಜಾಗಗಳ ಪಟ್ಟಿ. ಮನುಷ್ಯನಾದರೆ ಪಕ್ಕದವರನ್ನು ಕೇಳುತ್ತಾನೆ, ಗುಮಾಸ್ತರ ಮುಖ ನೋಡಿ ತಪ್ಪು ತಿದ್ದಿಕೊಳ್ಳುತ್ತಾನೆ. ಏಜೆಂಟಿಗೆ ಬರೆದಿರುವುದೇ ಪ್ರಪಂಚ. ಬರೆಯದೆ ಬಿಟ್ಟಲ್ಲಿ ಅದು ಊಹೆ ಮಾಡುತ್ತದೆ. ಊಹೆಯನ್ನೂ ನಿಜದಷ್ಟೇ ಸಲೀಸಾದ ಕನ್ನಡದಲ್ಲಿ ಹೇಳುತ್ತದೆ.

ಲ್ಯಾಬಿನ ಅಲಮಾರಿಯ ಶೀಷೆಯ ಹಾಗೆ. ಒಳಗಿರುವ ದ್ರವ ನೋಡಲು ನೀರಿನಂತೆಯೇ ಇರುತ್ತದೆ. ಮೇಲಿನ ಚೀಟಿ ಏನು ಹೇಳುತ್ತದೋ ಅದನ್ನೇ ನಂಬಬೇಕು.

ನಾನು ಬಿಟ್ಟ ಸಾಲು

ನನ್ನ ಶಿಷ್ಯ ಬಳಸಿದ್ದು ಓಪನ್-ಮೀಟಿಯೊ ಎಂಬ ಹವಾಮಾನ ಸೇವೆಯನ್ನು. ಹಲವು ದೇಶಗಳ ಹವಾಮಾನ ಸಂಸ್ಥೆಗಳು ಲೆಕ್ಕ ಹಾಕಿದ ಮುನ್ಸೂಚನೆಗಳನ್ನು ಅದು ಒಂದೇ ಕಿಟಕಿಯಲ್ಲಿ ಕೊಡುತ್ತದೆ. ವ್ಯಾಪಾರಕ್ಕಲ್ಲದ ಬಳಕೆಗೆ ಹಣ ಬೇಕಿಲ್ಲ. ಅಕ್ಷಾಂಶ, ರೇಖಾಂಶ ಕೊಟ್ಟರೆ ಗಂಟೆಗಂಟೆಯ ಮಳೆ, ಗಾಳಿ, ಉಷ್ಣತೆಯ ಅಂಕಿಗಳು ಬರುತ್ತವೆ.

ನಾನು ಬರೆದುಕೊಟ್ಟ ವಿವರಣೆಯ ಸಾರ ಇಷ್ಟು: "ಇದು ಒಂದು ಸ್ಥಳದ ಗಂಟೆವಾರು ಹವಾಮಾನ ತಿಳಿಸುತ್ತದೆ. ಸ್ಥಳದ ಅಕ್ಷಾಂಶ ರೇಖಾಂಶ ಕೊಡಿ. ಮಳೆ, ಗಾಳಿ, ಉಷ್ಣತೆ ಸಿಗುತ್ತವೆ." ಓದಿದರೆ ಯಾವ ತಪ್ಪೂ ಕಾಣುವುದಿಲ್ಲ. ಪರೀಕ್ಷೆಯಲ್ಲಿ ಹುಡುಗ ಹೀಗೆ ಬರೆದಿದ್ದರೆ ನಾನೇ ಪೂರ್ತಿ ಅಂಕ ಕೊಡುತ್ತಿದ್ದೆನೇನೋ.

ಆದರೆ ಆ ಸೇವೆಯಲ್ಲಿ ಸಮಯವಲಯ ಎಂಬ ಇನ್ನೊಂದು ಜಾಗವಿದೆ. ಅದನ್ನು ಖಾಲಿ ಬಿಟ್ಟರೆ ಎಲ್ಲ ಗಂಟೆಗಳೂ ಗ್ರೀನಿಚ್ ಸಮಯದಲ್ಲಿ ಬರುತ್ತವೆ. ಸೇವೆಯವರ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ತಪ್ಪು ಅವರದಲ್ಲ. ಉತ್ತರದ ಜೊತೆಯಲ್ಲೂ ಸಮಯವಲಯದ ಹೆಸರು ಬರುತ್ತದೆ. ಉತ್ತರ ಚಿಕ್ಕದಾಗಲೆಂದು ನನ್ನ ಶಿಷ್ಯ ಆ ಸಾಲನ್ನು ಕತ್ತರಿಸಿದ್ದ. ನಾನು ವಿವರಣೆಯಲ್ಲಿ ಅದನ್ನು ಹೇಳಿರಲಿಲ್ಲ. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ!

ಆ ದಿನ ಏಜೆಂಟಿನ ಮುಂದಿದ್ದ ಪಟ್ಟಿಯಲ್ಲಿ 7 ಗಂಟೆಯ ಸಾಲಿನವರೆಗೆ ಮಳೆಯ ಅಂಕಿ ಇತ್ತು, ಅಲ್ಲಿಂದ ಮುಂದೆ ಸೊನ್ನೆ. ಅದು ಗ್ರೀನಿಚ್‌ನ 7. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12.30. ಭಾವ ಫೋನು ಮಾಡಿದಾಗ ಗಂಟೆ ಎಷ್ಟಾಗಿತ್ತು ಎಂದು ನೆನಪಿಸಿಕೊಂಡೆ. ಮುನ್ಸೂಚನೆ ಸರಿಯಾಗಿಯೇ ಇತ್ತು. ಚೀಟಿ ಮಾತ್ರ ಅರ್ಧ ಇತ್ತು.

ಇದು ಹೊಸ ಕಷ್ಟವೇನೂ ಅಲ್ಲ. 1949ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಎಂಬ ಕಂಪ್ಯೂಟರ್ ಕೆಲಸ ಆರಂಭಿಸಿತು. ಮತ್ತೆಮತ್ತೆ ಬೇಕಾಗುವ ಲೆಕ್ಕಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಇಟ್ಟುಕೊಂಡು, ಬೇಕಾದವರು ಎತ್ತಿ ಬಳಸುವ ಏರ್ಪಾಡನ್ನು ಅಲ್ಲಿನವರು ಮಾಡಿದ್ದರು. ಅವರಲ್ಲಿ ಒಬ್ಬರಾದ ಡೇವಿಡ್ ವೀಲರ್ 1952ರ ಒಂದು ಪ್ರಬಂಧದಲ್ಲಿ ಹೇಳಿದ ಮಾತಿನ ತಾತ್ಪರ್ಯ ಇದು: ಇಂಥ ತುಣುಕನ್ನು ಬರೆದು ಪರೀಕ್ಷಿಸಿದ ಮೇಲೂ, ಒಳಗೇನಿದೆ ಎಂದು ತಿಳಿಯದವರು ಸುಲಭವಾಗಿ ಬಳಸುವಂತೆ ಅದರ ವಿವರಣೆ ಬರೆಯುವ ಕೆಲಸ ಉಳಿದಿರುತ್ತದೆ, ಅದೇ ಎಲ್ಲಕ್ಕಿಂತ ಕಠಿಣವಾದರೂ ಆಗಬಹುದು. ಎಪ್ಪತ್ತು ವರ್ಷ ದಾಟಿದರೂ ಆ ಮಾತು ಹಳತಾಗಿಲ್ಲ. ಆಗ ಓದುವವನು ಮನುಷ್ಯ, ಈಗ ಓದುವುದು ಯಂತ್ರ, ಅಷ್ಟೇ ವ್ಯತ್ಯಾಸ.

ಪ್ರಶ್ನೆಪತ್ರಿಕೆ

ಸಮಯದ ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇನ್ನೆಷ್ಟು ಸಾಲು ಬಿಟ್ಟಿದ್ದೇವೆಯೋ ಯಾರಿಗೆ ಗೊತ್ತು? ಬರೆದವನು ಎಷ್ಟು ಸಲ ಓದಿದರೂ ಅದು ತಿಳಿಯುವುದಿಲ್ಲ. ಅವನ ತಲೆಯಲ್ಲಿರುವುದು ಕಾಗದದ ಮೇಲೂ ಇದೆ ಎಂದೇ ಅವನಿಗೆ ಕಾಣುತ್ತದೆ. ಹಾಗಾಗಿ ನಾವಿಬ್ಬರೂ ಕೂತು ಉಪಕರಣಕ್ಕೊಂದು ಪರೀಕ್ಷೆ ಇಡೋಣ ಎಂದುಕೊಂಡೆವು. ಪ್ರಶ್ನೆಪತ್ರಿಕೆ ತೆಗೆಯುವುದು ನನಗೆ ಬರುವ ವಿದ್ಯೆ.

ನಲವತ್ತು ಪ್ರಶ್ನೆ ಬರೆದೆ. ಕೃಷಿಕರು ಹೇಗೆ ಕೇಳುತ್ತಾರೋ ಹಾಗೆಯೇ ಬರೆದೆ. "ನಾಳೆ ಬೆಳಿಗ್ಗೆ ಔಷಧಿ ಹೊಡೆಯಬಹುದೇ?" "ಸಾಗರದಲ್ಲಿ ಸಂಜೆ ಗಾಳಿ ಹೇಗಿದೆ?" "ನಿನ್ನೆ ಎಷ್ಟು ಮಳೆ ಬಿತ್ತು?" ಜೊತೆಗೆ, ಉಪಕರಣ ಮುಟ್ಟಲೇಬಾರದ ಪ್ರಶ್ನೆಗಳನ್ನೂ ಸೇರಿಸಿದೆ. "ಬೋರ್ಡೋ ದ್ರಾವಣಕ್ಕೆ ಸುಣ್ಣ ಎಷ್ಟು?" ಎಂದರೆ ಹವಾಮಾನದ ಕಿಟಕಿಗೆ ಓಡುವ ಅಗತ್ಯವಿಲ್ಲ. ಇನ್ನು ಕೆಲವು, ಏಜೆಂಟ್ ಉತ್ತರಿಸದೆ ಮರುಪ್ರಶ್ನೆ ಕೇಳಬೇಕಾದಂಥವು.

ಹವಾಮಾನದ ಅಂಕಿಗಳು ದಿನದಿನಕ್ಕೂ ಬದಲಾಗುತ್ತವೆ. ಇವತ್ತಿನ ಸರಿಯುತ್ತರ ನಾಳೆಗೆ ತಪ್ಪು. ಆದ್ದರಿಂದ ಒಂದು ದಿನ ಸೇವೆಯಿಂದ ಬಂದ ಉತ್ತರಗಳನ್ನೇ ಕಡತದಲ್ಲಿ ಉಳಿಸಿಕೊಂಡು, ಪ್ರತಿ ಪರೀಕ್ಷೆಯಲ್ಲೂ ಅದನ್ನೇ ಕೊಡುವ ವ್ಯವಸ್ಥೆಯನ್ನು ಶಿಷ್ಯ ಮಾಡಿದ. ಹದಿನೈದು ಪ್ರಶ್ನೆಗಳನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಬೀರುವಿನಲ್ಲಿಟ್ಟೆ. ವಿವರಣೆ ತಿದ್ದುವಾಗ ನಾವು ನೋಡಬೇಕಾದದ್ದು ಉಳಿದ ಇಪ್ಪತ್ತೈದನ್ನು ಮಾತ್ರ. ಇಲ್ಲದಿದ್ದರೆ, ಬರುವ ಪ್ರಶ್ನೆಗಳನ್ನೇ ಉರು ಹೊಡೆಸಿ ಪಾಸು ಮಾಡಿಸಿದ ಹಾಗಾಗುತ್ತದೆ.

ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಾದವು. ತಪ್ಪುಗಳೇ ಪಾಠವಾದವು. ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಊರಿನ ಹೆಸರು. ಸಾಗರ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೂ ಇದೆ, ಮಧ್ಯಪ್ರದೇಶದಲ್ಲೂ ಇದೆ. ಏಜೆಂಟ್ ಕೆಲವು ಸಲ ಕೇಳದೆಯೇ ಒಂದನ್ನು ಆರಿಸಿಕೊಂಡುಬಿಡುತ್ತಿತ್ತು. "ಒಂದೇ ಹೆಸರಿನ ಊರು ಒಂದಕ್ಕಿಂತ ಹೆಚ್ಚಿದ್ದರೆ ಜಿಲ್ಲೆ ಯಾವುದೆಂದು ಕೇಳಿ ತಿಳಿದುಕೊಳ್ಳಿ" ಎಂಬ ಸಾಲು ಸೇರಿಸಿದೆವು.

ಎರಡನೆಯದು ಇನ್ನೂ ಸೋಜಿಗದ್ದು. ನಮ್ಮ ಸಾಗರ ಸುಮಾರು 14.17 ಡಿಗ್ರಿ ಉತ್ತರ ಅಕ್ಷಾಂಶ, 75.03 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಒಂದು ಸಲ ಏಜೆಂಟ್ ಎರಡನ್ನೂ ಅದಲುಬದಲು ಮಾಡಿತು. 75 ಡಿಗ್ರಿ ಉತ್ತರ, 14 ಡಿಗ್ರಿ ಪೂರ್ವ ಎಂದರೆ ಎಲ್ಲಿ ಗೊತ್ತೇ? ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಕಡಲು. ಅಕ್ಷಾಂಶ 90 ಮೀರಿದ್ದರೆ ಸೇವೆಯೇ ತಪ್ಪೆಂದು ಹೇಳಿ ಹಿಂದಿರುಗಿಸುತ್ತಿತ್ತು. 75 ಸರಿಯಾದ ಸಂಖ್ಯೆಯೇ ಆದ್ದರಿಂದ ಅದು ಮಾತಿಲ್ಲದೆ ಆ ಕಡಲಿನ ಹವೆಯನ್ನು ಕೊಟ್ಟಿತು! ಯಂತ್ರವನ್ನು ಬೈಯುವ ಹಾಗೂ ಇಲ್ಲ. ನಕ್ಷೆಗಳಲ್ಲಿ ಸಾಮಾನ್ಯವಾಗಿ ಅಕ್ಷಾಂಶ ಮೊದಲು ಬರೆಯುತ್ತಾರೆ. ಭೂಪಟದ ಮಾಹಿತಿಗೆ ಬಳಸುವ ಜಿಯೊಜೇಸನ್ ಎಂಬ ಪದ್ಧತಿಯಲ್ಲಿ ರೇಖಾಂಶವೇ ಮೊದಲು. ಹಾಗಾಗಿ ಪ್ರತಿ ಜಾಗಕ್ಕೂ ಒಂದೊಂದು ಉದಾಹರಣೆ ಕೊಟ್ಟೆವು. ಜೊತೆಗೆ, ಕರ್ನಾಟಕದ ಸುತ್ತಮುತ್ತಲ ಮಿತಿ ಮೀರಿದ ಸಂಖ್ಯೆ ಬಂದರೆ ಉಪಕರಣವೇ "ಅಕ್ಷಾಂಶ, ರೇಖಾಂಶ ಅದಲುಬದಲಾಗಿರಬಹುದು, ನೋಡಿ" ಎಂದು ಹೇಳುವಂತೆ ಶಿಷ್ಯ ಬರೆದ. ಬರೀ "ತಪ್ಪು" ಎಂದರೆ ಮಗು ಕಲಿಯುವುದಿಲ್ಲ. ಎಲ್ಲಿ ತಪ್ಪು ಎಂದರೆ ತಿದ್ದಿಕೊಳ್ಳುತ್ತದೆ. ಏಜೆಂಟೂ ಅಷ್ಟೇ.

ಮೂರನೆಯದು ಮಾನಗಳು. "ಗಾಳಿ 15" ಎಂದಷ್ಟೇ ನಮ್ಮ ಉಪಕರಣ ಹೇಳುತ್ತಿತ್ತು. ಗಂಟೆಗೆ 15 ಕಿಲೋಮೀಟರ್ ಎಂದರೆ ಎಲೆ ಅಲ್ಲಾಡಿಸುವ ಗಾಳಿ. ಸೆಕೆಂಡಿಗೆ 15 ಮೀಟರ್ ಎಂದರೆ ಗಂಟೆಗೆ 54 ಕಿಲೋಮೀಟರ್; ಕೊನೆಗಾರ ಮರದ ಮೇಲಿದ್ದರೆ ಜೀವಕ್ಕೇ ಅಪಾಯ. ಮಾನವಿಲ್ಲದೆ ಉತ್ತರ ಬರೆದ ಮಕ್ಕಳಿಗೆ ಅರ್ಧ ಅಂಕ ಕಳೆಯುವ ಮೇಷ್ಟ್ರು ತಾನೇ ಮಾನ ಬರೆದಿರಲಿಲ್ಲ.

ಮಾನದ ತಪ್ಪಿಗೆ ಎಷ್ಟು ಬೆಲೆ ತೆರಬೇಕಾದೀತು ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1998ರ ಡಿಸೆಂಬರಿನಲ್ಲಿ ಹಾರಿಸಿದ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪುವಾಗ ಕಳೆದುಹೋಯಿತು. ನೆಲದ ಮೇಲಿನ ಒಂದು ಪ್ರೋಗ್ರಾಮು ನೂಕುಬಲದ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಟ್ಟಿತು. ಅದನ್ನು ಪಡೆದ ಪ್ರೋಗ್ರಾಮು ನ್ಯೂಟನ್-ಸೆಕೆಂಡ್ ಎಂದು ತಿಳಿಯಿತು. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್. ಗಮನಿಸಬೇಕಾದ ಸಂಗತಿಯೆಂದರೆ, ನ್ಯೂಟನ್‌ನಲ್ಲೇ ಕೊಡಬೇಕೆಂದು ದಾಖಲೆಯಲ್ಲಿ ಬರೆದಿತ್ತು. ಬರೆದರಷ್ಟೇ ಸಾಲದು, ಬರೆದಂತೆ ನಡೆಯುತ್ತಿದೆಯೇ ಎಂದು ಕೊನೆಯವರೆಗೂ ನಡೆಸಿ ನೋಡಬೇಕು.

ನಾಲ್ಕನೆಯದು ಅತಿಯಾದ ಉತ್ತರ. ಈ ಸೇವೆ ಹದಿನಾರು ದಿನಗಳವರೆಗೆ ಮುನ್ಸೂಚನೆ ಕೊಡಬಲ್ಲದು. ಗಂಟೆಗೊಂದು ಸಾಲಾದರೆ 384 ಸಾಲು. ನಾಳೆ ಬೆಳಿಗ್ಗೆಯ ವಿಷಯ ಕೇಳಿದವನಿಗೆ ಅಷ್ಟೂ ಸಾಲು ಕೊಟ್ಟರೆ ಏಜೆಂಟ್ ದಿನಗಳನ್ನು ಬೆರೆಸಿಬಿಡುತ್ತಿತ್ತು. ಬೇಕಾದ ಗಂಟೆಗಳನ್ನಷ್ಟೇ ಕೊಡುವಂತೆ ಮಾಡಿದೆವು. ವಿವರಣೆಗೂ ಇದೇ ಮಾತು ಸಲ್ಲುತ್ತದೆ. ಹೆದರಿಕೆಯಿಂದ ನಾನು ಒಂದು ಹಂತದಲ್ಲಿ ಎರಡು ಪುಟ ಬರೆದುಬಿಟ್ಟಿದ್ದೆ. ಪ್ರತಿ ಪ್ರಶ್ನೆಗೂ ಮಾದರಿ ಅದನ್ನೆಲ್ಲ ಹೊತ್ತುಕೊಂಡೇ ಯೋಚಿಸಬೇಕು. ಕೊನೆಗೆ ಹದಿನಾಲ್ಕು ಸಾಲಿಗೆ ಇಳಿಸಿದೆ.

ಮೌಲ್ಯಮಾಪಕರ ಮೌಲ್ಯಮಾಪನ

ತಿದ್ದುವಾಗ ಒಂದು ಶಿಸ್ತು ಪಾಲಿಸಿದೆವು: ಒಂದು ಸಲಕ್ಕೆ ಒಂದೇ ಬದಲಾವಣೆ. ಲೋಲಕದ ಪ್ರಯೋಗದಲ್ಲಿ ದಾರದ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಾಯಿಸಿದರೆ, ಆಂದೋಲನದ ಕಾಲ ಯಾವುದರಿಂದ ಬದಲಾಯಿತೆಂದು ಹೇಳಲಾಗದು. ಇಲ್ಲಿಯೂ ಹಾಗೆಯೇ.

ಇನ್ನೊಂದು, ಉತ್ತರವನ್ನಷ್ಟೇ ನೋಡದೆ ಹಂತಗಳಿಗೂ ಅಂಕ ಕೊಟ್ಟೆವು. "ನಾಳೆ ಮಳೆ ಇದೆ" ಎಂಬುದು ಮಳೆಗಾಲದ ಮಲೆನಾಡಿನಲ್ಲಿ ಕಣ್ಣುಮುಚ್ಚಿ ಹೇಳಿದರೂ ಸರಿಯಾಗುವ ಉತ್ತರ. ಏಜೆಂಟ್ ಯಾವ ಕಿಟಕಿಗೆ ಹೋಯಿತು, ಯಾವ ಜಾಗದಲ್ಲಿ ಏನು ತುಂಬಿತು ಎಂದು ಪ್ರತಿ ಸಲವೂ ದಾಖಲೆ ತೆಗೆದು ನೋಡಿದೆವು. ಒಂದೆರಡು ಕಡೆ ಅದು ಕಿಟಕಿಗೆ ಹೋಗದೆಯೇ ಉತ್ತರ ಹೇಳಿತ್ತು. ಉತ್ತರ ಸರಿ, ಅಂಕ ಸೊನ್ನೆ.

ಪ್ರತಿ ಪ್ರಶ್ನೆಯನ್ನೂ ಐದೈದು ಸಲ ಕೇಳಿದೆವು. ಕ್ಯಾಲ್ಕುಲೇಟರಿನಂತೆ ಇವು ಪ್ರತಿ ಸಲವೂ ಒಂದೇ ಉತ್ತರ ಕೊಡುವ ಯಂತ್ರಗಳಲ್ಲ. ಐದರಲ್ಲಿ ನಾಲ್ಕು ಸಲ ಸರಿ ಎಂದರೆ ಪರೀಕ್ಷೆಯಲ್ಲಿ ಶೇಕಡ 80, ಫಸ್ಟ್ ಕ್ಲಾಸ್. ಆದರೆ ತಪ್ಪಾದ ಐದನೆಯ ಸಲ ಯಾರ ತೋಟದ ಪಾಲಿಗೆ ಬರುತ್ತದೆ? ಇದನ್ನು ಅಳೆಯುವ ಕ್ರಮವೂ ಇದೆ. 2024ರ ಜೂನ್‌ನಲ್ಲಿ ಸಿಯೆರಾ ಎಂಬ ಸಂಸ್ಥೆಯ ಸಂಶೋಧಕರು ಟೌ-ಬೆಂಚ್ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ವಿಮಾನ ಕಂಪನಿ ಮತ್ತು ಅಂಗಡಿಯ ಗ್ರಾಹಕ ಸೇವೆಯ ಕೆಲಸಗಳನ್ನು ಏಜೆಂಟಿಗೆ ಕೊಟ್ಟು, ಅದು ಉಪಕರಣಗಳನ್ನು ಸರಿಯಾಗಿ ಬಳಸುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಆಗಿನ ಉತ್ತಮ ಮಾದರಿಗಳಲ್ಲಿ ಒಂದಾದ ಜಿಪಿಟಿ-4ಓ ಕೂಡ ಅರ್ಧಕ್ಕಿಂತ ಕಡಿಮೆ ಕೆಲಸಗಳಲ್ಲಿ ಗೆದ್ದಿತು. ಅಂಗಡಿಯ ಕೆಲಸವನ್ನು ಎಂಟು ಸಲ ಕೊಟ್ಟು, ಎಂಟೂ ಸಲ ಸರಿಯಾದರೆ ಮಾತ್ರ ಪಾಸು ಎಂದು ಲೆಕ್ಕ ಹಾಕಿದಾಗ ಶೇಕಡ 25ಕ್ಕಿಂತ ಕೆಳಗಿಳಿಯಿತು. ಆಮೇಲೆ ಬಂದ ಮಾದರಿಗಳು ಸುಧಾರಿಸಿವೆ. ಆದರೆ "ಎಷ್ಟು ಸಲ ಸರಿ" ಎಂಬುದಕ್ಕಿಂತ "ಪ್ರತಿ ಸಲವೂ ಸರಿಯೇ" ಎಂದು ಕೇಳುವ ಆ ಕ್ರಮ ಮೇಷ್ಟ್ರಾದ ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಆದ ಮೇಲೆ ನನ್ನ ಮುಖಭಂಗದ ಪ್ರಸಂಗ ಒಂದಿದೆ. ನಮ್ಮ ಶಾಲೆಯಲ್ಲಿ ಒಂದು ಮಳೆಮಾಪಕವಿದೆ. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಮಳೆಯನ್ನು ಮಕ್ಕಳು ಅಳೆದು ಬರೆಯುತ್ತಾರೆ. "ನಿನ್ನೆ ಎಷ್ಟು ಮಳೆ?" ಎಂಬ ಪ್ರಶ್ನೆಗೆ ಸರಿಯುತ್ತರವಾಗಿ ನಾನು ಆ ಪುಸ್ತಕದ ಅಂಕಿಯನ್ನು ಬರೆದುಕೊಂಡಿದ್ದೆ. ಏಜೆಂಟ್ ಪ್ರತಿ ಸಲವೂ ಬೇರೆಯೇ ಅಂಕಿ ಹೇಳಿತು. ಐದಕ್ಕೆ ಐದೂ ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಶಿಷ್ಯ ಮೆಲ್ಲಗೆ, "ಸಾರ್, ಅದರ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ನಿಮ್ಮ ದಿನ ಎಂಟೂವರೆಯಿಂದ ಎಂಟೂವರೆಗೆ" ಎಂದ. ತಪ್ಪಿದ್ದದ್ದು ನನ್ನ ಉತ್ತರಪತ್ರಿಕೆಯಲ್ಲಿ!

ಅದಕ್ಕಿಂತ ದೊಡ್ಡ ತಪ್ಪೂ ಅಲ್ಲೇ ಇತ್ತು. ನಾನು ಎರಡು ಬೇರೆ ಪರೀಕ್ಷೆಗಳನ್ನು ಕಲಸಿಬಿಟ್ಟಿದ್ದೆ. ಕಿಟಕಿಯಿಂದ ಬಂದದ್ದನ್ನು ಏಜೆಂಟ್ ಸರಿಯಾಗಿ ಕೇಳಿ, ಸರಿಯಾಗಿ ಓದಿತೇ ಎಂಬುದು ಒಂದು. ಕಿಟಕಿಯಿಂದ ಬಂದದ್ದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸರಿಯುತ್ತರ ಸಿಗುವುದು ಸೇವೆಯ ಅಂಕಿಗಳಲ್ಲಿ, ಎರಡನೆಯದಕ್ಕೆ ಮಳೆಮಾಪಕದಲ್ಲಿ. ಭಾವನ ತೋಟದಲ್ಲಿ ಸೋತದ್ದು ಮೊದಲನೆಯದು. ಅದನ್ನು ಚೀಟಿ ತಿದ್ದಿ ಸರಿಪಡಿಸಬಹುದು. ಎರಡನೆಯದು ಯಾವ ಚೀಟಿಯಿಂದಲೂ ಸರಿಯಾಗುವುದಿಲ್ಲ. ಕಂಪ್ಯೂಟರ್ ಹಾಕಿದ ಲೆಕ್ಕ ಒಂದು ಹಳ್ಳಿಯ ಒಂದು ಗುಡ್ಡದ ಮಳೆಯನ್ನು ಗಂಟೆ ತಪ್ಪದೆ ಹೇಳಲಾರದು. ಆದ್ದರಿಂದ ವಿವರಣೆಯ ಕೊನೆಗೆ ಮೂರು ಸಾಲು ಸೇರಿಸಿದೆ: "ಇದು ಅಂದಾಜು, ಅಳತೆಯಲ್ಲ. ಹಾಗೆಂದು ಕೇಳಿದವರಿಗೂ ಹೇಳಿ. ಭಾರೀ ಮಳೆಯ ಎಚ್ಚರಿಕೆಗೆ ಹವಾಮಾನ ಇಲಾಖೆಯ ಪ್ರಕಟಣೆಯನ್ನೇ ನೋಡಲು ತಿಳಿಸಿ." ಯಾವ ಕೆಲಸಕ್ಕೆ ಬರುತ್ತದೆ ಎಂದು ಬರೆಯುವುದು ಅರ್ಧ ಚೀಟಿ. ಯಾವುದಕ್ಕೆ ಬಾರದು ಎಂದೂ ಬರೆದರೆ ಪೂರ್ತಿ.

ಬೀರುವಿನ ಲಕೋಟೆ ಒಡೆದದ್ದು ಕೊನೆಯಲ್ಲಿ. ಹದಿನೈದರಲ್ಲಿ ಎರಡು ಪ್ರಶ್ನೆ ಆಗಲೂ ಐದೂ ಸಲ ಸರಿಹೋಗಲಿಲ್ಲ. ಆ ಎರಡನ್ನು ಮುಚ್ಚಿಡದೆ, ಬಳಸುವವರೆಲ್ಲರಿಗೂ ತಿಳಿಸಿದೆವು.

ಬೋರ್ಡೋ ಔಷಧಿಯನ್ನು ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಆ ಹೊತ್ತು ಬಂದಾಗ ಭಾವನಿಗೆ ಫೋನು ಮಾಡಲು ನನಗೆ ಸಂಕೋಚ. ಅವರೇ ಮಾಡಿದರು. "ಕೇಳಿದೆ ಮಾರಾಯ. ಹತ್ತರಿಂದ ಮೂರರವರೆಗೆ ಮಳೆ ಕಾಣುವುದಿಲ್ಲ, ಭಾರತದ ಸಮಯ, ಆದರೆ ಇದು ಅಂದಾಜು ಎಂದಿತು. ಮೊದಲಿನಷ್ಟು ಜೋರಾಗಿ ಮಾತಾಡುವುದಿಲ್ಲ ಈಗ" ಎಂದರು. "ಮತ್ತೆ ಏನು ಮಾಡಿದಿರಿ?" ಎಂದೆ. "ಪಡುವಣ ಗುಡ್ಡ ನೋಡಿದೆ. ಅದೂ ಹೌದು ಎಂದಿತು. ಹೊಡೆಸಿದೆ. ಒಣಗಿತು."

ಅದಾದ ಮೇಲೆ ನಮ್ಮ ಶಾಲೆಯ ಲ್ಯಾಬಿನಲ್ಲಿ ಒಂದು ಹೊಸ ರೂಢಿ ಮಾಡಿದ್ದೇನೆ. ಪ್ರಯೋಗದ ಸೂಚನೆ ಬರೆದ ಮೇಲೆ ಅದನ್ನು ಮೊದಲು ಎಂಟನೆಯ ತರಗತಿಯ, ಆ ಪ್ರಯೋಗವನ್ನು ಎಂದೂ ನೋಡದ ಒಬ್ಬ ಹುಡುಗಿಗೆ ಕೊಡುತ್ತೇನೆ. ಆಮ್ಲದ ಬದಲು ನೀರಿರುವ ಶೀಷೆಗಳನ್ನಿಟ್ಟು, ಸೂಚನೆಯಲ್ಲಿ ಬರೆದಷ್ಟನ್ನೇ ಮಾಡು ಎನ್ನುತ್ತೇನೆ. ನಾನು ಬಾಯಿ ಬಿಡುವ ಹಾಗಿಲ್ಲ. ಅವಳ ಕೈ ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಕೊಳ್ಳುತ್ತೇನೆ. ಹೋದ ವಾರ ಒಂದೇ ಪುಟದಲ್ಲಿ ಏಳು ಗುರುತು ಬಿದ್ದವು. ಅದೇ ಪುಟದಿಂದ ನಾನು ಹನ್ನೆರಡು ವರ್ಷ ಪಾಠ ಮಾಡಿದ್ದೆ.